ಪಕ್ಷಮಾಸದಲ್ಲಿ ಹೊಸ ಕೀಲಿ

ಕೊಟ್ಟೂರಿನ ನಾಗೇಂದ್ರಪ್ಪನಿಗೆ ಇಂಟರ್‌ನೆಟ್ ಎಂದರೆ ಏನೆಂದು ಗೊತ್ತಿರಲಿಲ್ಲ. ಅದನ್ನು ಮಾರುವುದಕ್ಕೆ ಇದೇನೂ ಅಡ್ಡಿಯಾಗಲಿಲ್ಲ. ಮೊದಲು ಆತ ಸಿನಿಮಾ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತಿದ್ದ, ಆಮೇಲೆ ಕೇಬಲ್ ಟೀವಿ ಎಳೆದ, ಮುಂದೆ ಅದೇ ಕಂಬಗಳ ಮೇಲೆ ಇಂಟರ್‌ನೆಟ್ಟನ್ನೂ ಎಳೆದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಐದು ಊರಲ್ಲಿ ಐದು ಸೆಂಟರ್ ತೆರೆದು, ಐದಕ್ಕೂ ತನ್ನ ಫೋಟೋ ಇರುವ ಬೋರ್ಡು ಹಾಕಿಸಿದ. ಬೋರ್ಡಿನಲ್ಲಿ ಆತನ ಮುಖ ಎಷ್ಟು ದೊಡ್ಡದಾಗಿತ್ತೆಂದರೆ, ಒಳಗೆ ಏನು ಸಿಗುತ್ತದೆ ಎಂದು ಬರೆಯಲು ಜಾಗವೇ ಉಳಿದಿರಲಿಲ್ಲ.

ಈ ಮಹಾನುಭಾವನಿಗೆ ಸುರಕ್ಷತೆಯ ಚಿಂತೆ ಹತ್ತಿದ್ದು ೨೦೦೮ರಲ್ಲಿ, ಹಡಗಲಿ ಸೆಂಟರಿನ ಉದ್ಘಾಟನೆಯ ದಿನ. ಊರಿನ ದೊಡ್ಡ ಮನುಷ್ಯರನ್ನೆಲ್ಲ ಮಲ್ಲಿಗೆ ಹಾರ ಹಾಕಿ ಸಾಲಾಗಿ ಕೂರಿಸಿ, ಎಲ್ಲರ ಮುಂದೆ ತನ್ನ ಕಂಪನಿಯ ಹೆಸರನ್ನು ತಾನೇ ಒಂದೊಂದು ಅಕ್ಷರ ಹುಡುಕಿ ಟೈಪ್ ಮಾಡಿದ. ಬರಬೇಕಾಗಿದ್ದದ್ದು ಗಿರಾಕಿಗಳು ಪಾಸ್‌ವರ್ಡ್ ಹಾಕಿ ಒಳಗೆ ಹೋಗುವ ಪುಟ. ಬಂದದ್ದು ಮೈಮೇಲೆ ಬಟ್ಟೆಯ ನೆನಪಷ್ಟೇ ಉಳಿದಿದ್ದ ಒಬ್ಬ ಹೆಂಗಸು. ಗಂಡಸರ ಶಕ್ತಿಗೆ ಮಾತ್ರೆ ಮಾರುತ್ತಿದ್ದಳು. ನಾಗೇಂದ್ರಪ್ಪ ಹೆಗಲ ಮೇಲಿನ ಶಾಲು ಎಳೆದು ಪರದೆಗೆ ಹೊದಿಸಿದ. ಶಾಲಿನೊಳಗಿನಿಂದ ಸಂಗೀತ ಮಾತ್ರ ಬರುತ್ತಲೇ ಇತ್ತು.

ಆವತ್ತಿನ ಮರ್ಯಾದೆಯ ಗಾಯಕ್ಕೆ ಮದ್ದು ಅರೆದವಳು ಅಸ್ಮಾ. ಹರಪನಹಳ್ಳಿಯ ಮೋಟಾರು ಮೆಕ್ಯಾನಿಕ್ ಅಬ್ದುಲ್ ವಹಾಬನ ಮಗಳು. ದಾವಣಗೆರೆಯಲ್ಲಿ ಬಿಸಿಎ ಮುಗಿಸಿ, ದಿನಾ ಬಸ್ಸಿನಲ್ಲಿ ಕೊಟ್ಟೂರಿನ ಆಫೀಸಿಗೆ ಬಂದು ಹೋಗುತ್ತಿದ್ದಳು. ಹುಡುಗಿ ಜಾಣೆ. ತಾನು ಜಾಣೆ ಎಂಬುದನ್ನು ಒಂದು ಗಳಿಗೆಯೂ ಮರೆಯದಷ್ಟು ಜಾಣೆ. ಅವಳ ಪ್ರಕಾರ ಆ ಕಂಪನಿಯಲ್ಲಿ ತಲೆ ಇದ್ದದ್ದು ಎರಡಕ್ಕೇ, ಒಂದು ಅವಳಿಗೆ, ಇನ್ನೊಂದು ಸರ್ವರಿಗೆ. ಸರ್ವರಿನ ಬಗ್ಗೆಯೂ ಆಗಾಗ ಅನುಮಾನ ಬರುತ್ತಿತ್ತು.

ಆದದ್ದು ಏನೆಂದು ಅವಳು ಒಂದೇ ದಿನದಲ್ಲಿ ಕಂಡುಹಿಡಿದಳು. ನಾವು ಟೈಪ್ ಮಾಡುವುದು ಹೆಸರು, ಯಂತ್ರಕ್ಕೆ ಬೇಕಾಗುವುದು ಅಂಕಿ. ಹೆಸರು ಕೇಳಿ ಅಂಕಿ ಹೇಳುವುದಕ್ಕೆಂದೇ ಒಂದು ಸರ್ವರ್ ಇರುತ್ತದೆ. ಯಾರೋ ಕಿಡಿಗೇಡಿ ಅದರ ಬಾಯಿಗೆ ಸುಳ್ಳು ಅಂಕಿ ತುರುಕಿದ್ದ; ಅದು ಕೇಳಿದವರನ್ನೆಲ್ಲ ಮಾತ್ರೆಯ ಅಂಗಡಿಗೆ ಕಳಿಸುತ್ತಿತ್ತು. ಇದಕ್ಕೆ ಉಪಾಯವೂ ಇತ್ತು. ಸರ್ವರ್ ಕೊಡುವ ಪ್ರತಿ ಉತ್ತರಕ್ಕೂ ಒಂದು ಸಹಿ ಹಾಕುವುದು. ಐದೂ ಸೆಂಟರಿನ ಯಂತ್ರಗಳು ಆ ಸಹಿ ನೋಡಿಯೇ ಉತ್ತರ ನಂಬುವುದು. ಸಹಿ ಇಲ್ಲದ್ದನ್ನು, ಹಳಸಿದ ಸಹಿಯನ್ನು ಬಾಗಿಲಲ್ಲೇ ತಿರಸ್ಕರಿಸುವುದು. ಸಹಿ ಹಾಕುವ ಗುಟ್ಟಿನ ಸಂಖ್ಯೆಗೆ ಕೀಲಿ ಎನ್ನುತ್ತಾರೆ. ಇದರಲ್ಲಿ ಮರೆಯಬಾರದ ಸಂಗತಿ ಎರಡೇ. ಸಹಿ ಬೇಗ ಹಳಸುತ್ತದೆ, ಅದು ಹಳಸುವ ಮೊದಲೇ ಮತ್ತೆ ಸಹಿ ಹಾಕುತ್ತಿರಬೇಕು. ಕೀಲಿಯನ್ನು ಕೆಲವು ತಿಂಗಳಿಗೊಮ್ಮೆ ಬದಲಾಯಿಸಬೇಕು. ಬದಲಾಯಿಸುವಾಗ ಹಳೆಯದರ ಪಕ್ಕದಲ್ಲೇ ಹೊಸದನ್ನು ಇಟ್ಟು, ಐದೂ ಸೆಂಟರಿಗೆ ಹೊಸದು ಪರಿಚಯವಾದ ಮೇಲೆ ಹಳೆಯದನ್ನು ತೆಗೆಯಬೇಕು.

ಇದಕ್ಕೆ ಊರಾಚೆಯ ಕಂಪನಿಗಳು ದೊಡ್ಡ ದೊಡ್ಡ ಸಾಫ್ಟ್‌ವೇರ್ ಮಾರುತ್ತಿದ್ದವು. ಅಸ್ಮಾ ಅದನ್ನೆಲ್ಲ ಮೂಗು ಮುರಿದು ಬದಿಗಿಟ್ಟು, ಪುಟ್ಟ ಪುಟ್ಟ ಸ್ಕ್ರಿಪ್ಟುಗಳನ್ನು, ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಪಟ್ಟಿಗಳನ್ನು ಬರೆದಳು. ಒಂದು ಹೊಸ ಕೀಲಿ ಮಾಡುತ್ತಿತ್ತು, ಒಂದು ಸಹಿ ಹಾಕುತ್ತಿತ್ತು, ಒಂದು ಹಳೆಯ ಕೀಲಿಯನ್ನು ತೆಗೆಯುತ್ತಿತ್ತು. ಕೊನೆಯದು ಸೆಂಟರುಗಳ ಯಂತ್ರದಲ್ಲೇ ಕೂತು, ಸಹಿ ಹಳಸುವುದಕ್ಕೆ ಬಂದರೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಎಚ್ಚರಿಸುತ್ತಿತ್ತು. ಯಾವುದೂ ಒಂದು ಪುಟ ಮೀರಿರಲಿಲ್ಲ. ಗಡಿಯಾರ ನೋಡಿಕೊಂಡು ತಾವೇ ಏಳುತ್ತಿದ್ದವು, ಕೆಲಸ ಮುಗಿಸಿ ತಾವೇ ಮಲಗುತ್ತಿದ್ದವು. ಸಹಿಯ ಆಯುಸ್ಸು ಒಂದು ತಿಂಗಳಿದ್ದರೆ ಸಾಕೆಂದು ಪುಸ್ತಕ ಹೇಳುತ್ತಿತ್ತು. ಪುಸ್ತಕ ಬರೆದವನಿಗಿಂತ ತಾನು ಒಂದು ಕೈ ಮೇಲು ಎಂದು ತೋರಿಸಲು ಅಸ್ಮಾ ಅದನ್ನು ಅರ್ಧಕ್ಕೆ ಇಳಿಸಿದ್ದಳು. ಅದನ್ನು ನೋಡಿ ಮೆಚ್ಚುವವರು ಕೊಟ್ಟೂರಿನಲ್ಲಿ ಯಾರೂ ಇರಲಿಲ್ಲ. ಹಾಗಾಗಿ ತಾನೇ ಮೆಚ್ಚಿಕೊಂಡಳು.

ಇನ್ನು ಓಬಳೇಶ. ನಾಗೇಂದ್ರಪ್ಪನ ಅಕ್ಕನ ಮಗ. ಹೈದರಾಬಾದಿನಲ್ಲಿ ಯಾವುದೋ ಮಹಡಿಯ ಮೇಲಿನ ಕೋರ್ಸು ಮಾಡಿ, ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿಕೊಂಡು ಬಂದು, ಅದನ್ನು ಸರ್ವರ್ ರೂಮಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಆಫೀಸಿನಲ್ಲಿ ಏಸಿ ಇದ್ದದ್ದು ಆ ರೂಮಿಗೊಂದೇ. ಆದ್ದರಿಂದ ಓಬಳೇಶನೂ ಇರುತ್ತಿದ್ದದ್ದು ಅಲ್ಲೇ. ಮಧ್ಯಾಹ್ನ ಒಳಗಿನಿಂದ ಗೊರಕೆ ಕೇಳಿದರೆ ನಾಗೇಂದ್ರಪ್ಪ ಬಂದವರಿಗೆ ಅದು ಯಂತ್ರದ ಸದ್ದು ಎಂದು ಹೇಳುತ್ತಿದ್ದ. ಕೊರಳಲ್ಲಿ ತೂಗುವ ಐಡಿ ಕಾರ್ಡನ್ನು ಓಬಳೇಶ ಸ್ನಾನಕ್ಕೆ ಮಾತ್ರ ತೆಗೆಯುತ್ತಿದ್ದನಂತೆ. ಅಸ್ಮಾಳನ್ನು ಅವನು ಕರೆಯುತ್ತಿದ್ದದ್ದು ಗ್ಯಾರೇಜ್ ಇಂಜಿನಿಯರ್ ಎಂದು. ಅವಳು ಅವನನ್ನು ಏನೂ ಎಂದು ಕರೆಯುತ್ತಿರಲಿಲ್ಲ. ಅವನಿಗೆ ಒಂದು ಹೆಸರು ಇಡುವುದೂ ದಂಡ ಎಂದು ಅವಳ ಭಾವನೆ.

೨೦೦೯ರ ಶ್ರಾವಣದಲ್ಲಿ ನಾಗೇಂದ್ರಪ್ಪ ಒಂದು ಮಾತು ಹೇಳಿದ. ಐದೂ ಸೆಂಟರಿಗೆ ಒಬ್ಬ ಟೆಕ್ನಿಕಲ್ ಹೆಡ್ ಬೇಕು, ವಿಜಯದಶಮಿಗೆ ಹೆಸರು ಹೇಳುತ್ತೇನೆ, ಅಸ್ಮಾ ಆಗಬಹುದು, ಓಬಳೇಶನೂ ಆಗಬಹುದು, ಯಾರು ಹೇಗೆ ನಡೆದುಕೊಳ್ಳುತ್ತಾರೋ ನೋಡೋಣ ಎಂದು. ಅಸ್ಮಾಳಿಗೆ ಇದು ಮೈಗೆ ಮುಳ್ಳು ಚುಚ್ಚಿದ ಹಾಗಾಯಿತು. ತನ್ನನ್ನು ಅವನ ಜೊತೆ ಒಂದೇ ತಕ್ಕಡಿಯಲ್ಲಿ ಕೂರಿಸಿದ್ದೇ ಅವಮಾನ. ಆದರೂ ಆ ಹುದ್ದೆ ಬೇಕಿತ್ತು. ಬಹಳ ಬೇಕಿತ್ತು. ಸರ್ವರ್ ರೂಮಿನ ಬಾಗಿಲಲ್ಲಿ ಓಬಳೇಶ ನಿಂತು, ಒಳಗೆ ಬರಲೇ ಎಂದು ತನ್ನನ್ನು ಕೇಳುವ ಒಂದು ದಿನಕ್ಕಾಗಿ ಅವಳು ಎಷ್ಟು ಬಸ್ಸು ಬೇಕಾದರೂ ಹತ್ತಿ ಇಳಿಯಲು ಸಿದ್ಧಳಿದ್ದಳು. ಆ ಗೋಡೆಯ ಮೊಳೆಗೆ ಏನು ತೂಗುಹಾಕಬೇಕೆಂಬುದನ್ನೂ ಯೋಚಿಸಿ ಇಟ್ಟಿದ್ದಳು.

ಭಾದ್ರಪದದಲ್ಲಿ ಕೀಲಿ ಬದಲಾಯಿಸುವ ಕಾಲ ಬಂತು. ನಿಯಮದಂತೆ ಅಸ್ಮಾ ನಾಗೇಂದ್ರಪ್ಪನಿಗೆ ತಿಳಿಸಿದಳು, ಮುಂದಿನ ವಾರ ಹೊಸ ಕೀಲಿ ಹಾಕುತ್ತೇನೆ ಎಂದು. ಆತ ಕುರ್ಚಿಯಿಂದ ಎದ್ದೇಬಿಟ್ಟ.

"ಮುಂದಿನ ವಾರ ಪಕ್ಷಮಾಸ ಹಿಡಿತೈತಿ. ಹಿರೇರಿಗೆ ಎಡಿ ಇಡೋ ಹೊತ್ತು. ಪಕ್ಷದಾಗ ನಾವು ಮನಿಗೆ ಹೊಸಾ ಕಸಬರಗಿ ಸುದ್ದಾ ತರಂಗಿಲ್ಲ, ನೀ ಹೊಸಾ ಕೀಲಿ ಅಂತಿ."

ಪಿತೃಗಳಿಗೆ ಪಿಂಡ, ಎಡೆ ಸಲ್ಲುವ ಆ ಹದಿನೈದು ದಿನ ಯಾರೂ ಹೊಸದಕ್ಕೆ ಕೈ ಹಾಕುವುದಿಲ್ಲ, ಇದು ಅಸ್ಮಾಳಿಗೂ ಗೊತ್ತಿದ್ದದ್ದೇ. ಆ ಪಕ್ಷದಲ್ಲಿ ಅವರಪ್ಪನ ಗ್ಯಾರೇಜಿಗೂ ಹೊಸ ಗಾಡಿ ಬರುತ್ತಿರಲಿಲ್ಲ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ಸಂಖ್ಯೆಗೂ ನಾಗೇಂದ್ರಪ್ಪನ ಮುತ್ತಾತನಿಗೂ ಏನು ಸಂಬಂಧ ಎಂಬುದು ಅವಳಿಗೆ ಹೊಳೆಯಲಿಲ್ಲ. ಮುತ್ತಾತ ಸ್ವರ್ಗದಲ್ಲಿ ಕೂತು ಮರಿಮಗನ ಸರ್ವರ್ ನೋಡುತ್ತಿದ್ದರೆ, ಮೊದಲು ಆ ಗೊರಕೆ ಹೊಡೆಯುವವನ ಮೇಲೆ ಮುನಿಯಬೇಕಿತ್ತು. ಹೋಗಲಿ, ಕೀಲಿಯನ್ನು ಹದಿನೈದು ದಿನ ಮುಂದೂಡಿದರೆ ಪ್ರಳಯವೇನೂ ಆಗುವುದಿಲ್ಲ. ನಿಲ್ಲಬಾರದ್ದು ಸಹಿ. ಅವಳು ಅದನ್ನು ಹೇಳಲು ಬಾಯಿ ತೆರೆದಳು.

"ಕೀಲಿ ಅಮಾಸಿ ಆದಮ್ಯಾಲ ಹಾಕೋಣ್ರಿ ಸಾರ್. ಆದ್ರ ಸಹಿ..."

"ಸಹಿ ಗಿಹಿ ಎಲ್ಲಾ ನಾ ನೋಡ್ಕೊಂತೀನಿ," ಎಂದ ಓಬಳೇಶ, ಸರ್ವರ್ ರೂಮಿನ ಬಾಗಿಲಿಗೆ ಒರಗಿಕೊಂಡು. "ಮಾವ, ಪಕ್ಷ ಮುಗಿಯಾಮಟ ಒಂದೂ ಹೊಸಾದು ಆಗಂಗಿಲ್ಲ. ನನಗ ಬಿಡ್ರಿ."

ಅಸ್ಮಾ ತೆರೆದ ಬಾಯಿ ಮುಚ್ಚಿದಳು. ಹೇಳಿದರೆ ತಿಳಿಯುವ ಪೈಕಿಯಲ್ಲ ಇವರು ಎಂದು ಮನಸ್ಸಿನಲ್ಲೇ ಕೈ ತೊಳೆದುಕೊಂಡು ತನ್ನ ಮೇಜಿಗೆ ಹೋದಳು.

ಮರುದಿನ ಬೆಳಿಗ್ಗೆ ನೋಡುತ್ತಾಳೆ, ಓಬಳೇಶ ಮಾವನ ಮುಂದೆ ಆಡಿದ ಮಾತನ್ನು ಅಕ್ಷರಶಃ ನಡೆಸಿಕೊಟ್ಟಿದ್ದ. ಸ್ಕ್ರಿಪ್ಟುಗಳನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವ ಪಟ್ಟಿಯಲ್ಲಿ ಕೀಲಿಯ ಸಾಲು ಯಾವುದು, ಸಹಿಯ ಸಾಲು ಯಾವುದು ಎಂದು ನೋಡುವ ಗೋಜಿಗೇ ಹೋಗದೆ, ಪ್ರತಿ ಸಾಲಿನ ಮುಂದೆಯೂ ಒಂದೊಂದು ಗುರುತು ಹಾಕಿ ಎಲ್ಲವನ್ನೂ ಮಲಗಿಸಿದ್ದ. ಸೆಂಟರುಗಳಲ್ಲಿ ಕೂತಿದ್ದ ಎಚ್ಚರಿಕೆಯ ಸ್ಕ್ರಿಪ್ಟು ಉಳಿದುಕೊಂಡಿತ್ತು. ಅಂಥದ್ದೊಂದು ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಸಹಿಯ ಸಾಲಿನ ಮುಂದಿನ ಆ ಗುರುತನ್ನು ಅಳಿಸಲು ಅಸ್ಮಾಳಿಗೆ ಒಂದು ಬೆರಳು ಸಾಕಿತ್ತು. ಬೆರಳು ಕೀಬೋರ್ಡಿನ ಮೇಲೆಯೇ ಇತ್ತು. ಅವಳು ಅದನ್ನು ತೆಗೆದು ತುಟಿಯ ಮೇಲಿಟ್ಟುಕೊಂಡಳು.

ಅಮಾವಾಸ್ಯೆಗೆ ಮೊದಲೇ ಸಹಿ ಹಳಸುತ್ತದೆ. ಐದೂ ಸೆಂಟರಿನ ಯಂತ್ರಗಳು ಕಂಪನಿಯ ಹೆಸರನ್ನು ನಂಬುವುದಿಲ್ಲ. ಗಿರಾಕಿಗಳು ಒಳಹೋಗುವ ಪುಟವೇ ತೆರೆಯುವುದಿಲ್ಲ. ಐದು ಊರಲ್ಲಿ ಇಂಟರ್‌ನೆಟ್ ಬಂದ್. ಆಗ ನಾಗೇಂದ್ರಪ್ಪ ಓಬಳೇಶನ ಕಡೆಗೆ ಓಡುತ್ತಾನೆ, ಓಬಳೇಶ ಏಸಿಯಲ್ಲೂ ಬೆವರುತ್ತಾನೆ. ಆಮೇಲೆ ತಾನು ನಿಧಾನವಾಗಿ ಎದ್ದು ಹೋಗಿ, ಏನಾಗಿದೆ ಎಂದು ಎಲ್ಲರಿಗೂ ತಿಳಿಯುವಂತೆ ಒಮ್ಮೆ ಹೇಳಿ, ಒಂದು ಸ್ಕ್ರಿಪ್ಟು ನಡೆಸಿ, ಎಲ್ಲವನ್ನೂ ಎಬ್ಬಿಸುವುದು. ವಿಜಯದಶಮಿಯವರೆಗೆ ಕಾಯುವ ಅಗತ್ಯವೂ ಬೀಳಲಿಕ್ಕಿಲ್ಲ. ಆವತ್ತು ಹೇಳಬೇಕಾದ ಮಾತುಗಳನ್ನು ಅವಳು ಬಸ್ಸಿನಲ್ಲಿ ಬರುತ್ತಾ ಹೋಗುತ್ತಾ ಬಾಯಿಪಾಠ ಮಾಡಿಕೊಂಡಳು. ಅದರಲ್ಲಿ ಓಬಳೇಶನಿಗೆ ಮಾಡುವ ಮಂಗಳಾರತಿಯ ಭಾಗ ದಿನದಿನಕ್ಕೆ ಉದ್ದವಾಗುತ್ತಾ ಹೋಯಿತು.

ಸಹಿ ಹಳಸುವುದಕ್ಕೆ ಕೆಲವೇ ದಿನ ಇದೆ ಎನ್ನುವಾಗ ಐದೂ ಸೆಂಟರಿನ ಪರದೆಗಳ ಮೇಲೆ ಕೆಂಪು ಅಕ್ಷರ ಬಂದವು. ಕೂಡ್ಲಿಗಿಯವನು, ಹಡಗಲಿಯವನು, ಹಗರಿಬೊಮ್ಮನಹಳ್ಳಿಯವನು, ಕೊಟ್ಟೂರಿನವನು, ನಾಲ್ವರೂ ಪರದೆಯ ಮೇಲೆ ಏನೇ ಬಂದರೂ ಮೂಲೆಯ ಗುರುತು ಒತ್ತಿ ಮುಚ್ಚಿ, ಮತ್ತೆ ತಮ್ಮ ಇಸ್ಪೀಟಿಗೆ ಮರಳುವ ಶೂರರು. ಇದನ್ನೂ ಮುಚ್ಚಿದರು. ಅಸ್ಮಾ ಅವರಿಂದ ಬೇರೇನನ್ನೂ ನಿರೀಕ್ಷಿಸಿರಲಿಲ್ಲ.

ಹರಪನಹಳ್ಳಿ ಸೆಂಟರಿನ ಹೊನ್ನೂರಮ್ಮ ಮಾತ್ರ ಫೋನ್ ಮಾಡಿದಳು.

ಹೊನ್ನೂರಮ್ಮ ನಲವತ್ತು ದಾಟಿದ ಹೆಂಗಸು. ಅಬ್ದುಲ್ ವಹಾಬನ ಗ್ಯಾರೇಜಿನ ಪಕ್ಕದಲ್ಲೇ ಆಕೆಯ ಎಸ್‌ಟಿಡಿ ಬೂತ್ ಇತ್ತು. ಮನೆಮನೆಗೆ ಫೋನ್ ಇಲ್ಲದ ಕಾಲದಲ್ಲಿ ಅರ್ಧ ಊರಿಗೆ ಹೊರಗಿನ ಸುದ್ದಿ ಬರುತ್ತಿದ್ದದ್ದು ಆಕೆಯ ಬೂತಿಗೆ. ಹೆರಿಗೆ, ಸಾವು, ಪಾಸು, ಫೇಲು, ಏನೇ ಇರಲಿ, ಬೂತಿಗೆ ಬೀಗ ಹಾಕಿಕೊಂಡು ಆ ಮನೆಯವರೆಗೆ ನಡೆದು ಹೋಗಿ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿ ಬರುತ್ತಿದ್ದಳು. ಅಸ್ಮಾಳ ಬಿಸಿಎ ಫಲಿತಾಂಶ ತಂದವಳೂ ಆಕೆಯೇ. ಓಡಿ ಬಂದದ್ದಕ್ಕೆ ಒಂದು ಚಪ್ಪಲಿ ದಾರಿಯಲ್ಲೇ ಉಳಿದಿತ್ತು. ಕೈಗೆ ಕೈಗೆ ಮೊಬೈಲ್ ಬಂದ ಮೇಲೆ ಬೂತ್ ಸತ್ತಿತು, ನಾಗೇಂದ್ರಪ್ಪ ಆಕೆಯನ್ನು ಸೆಂಟರಿಗೆ ಹಾಕಿಕೊಂಡ. ಕಂಪ್ಯೂಟರ್ ಆಕೆಗೆ ಅಷ್ಟಕ್ಕಷ್ಟೇ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದಳು, ಮೌಸನ್ನು ಬಿಸಿ ರೊಟ್ಟಿಯ ಹಾಗೆ ಹಿಡಿಯುತ್ತಿದ್ದಳು. ತಿಂಗಳ ಮೀಟಿಂಗಿಗೆ ಕೊಟ್ಟೂರಿಗೆ ಬಂದಾಗ ತಿರುಗಿ ಹೋಗುವ ಬಸ್ಸಿಗೆ ತಾನೇ ಮೊದಲು ನುಗ್ಗಿ, ಕಿಟಕಿಯ ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿ ಅಸ್ಮಾಳಿಗೆ ಜಾಗ ಹಿಡಿಯುತ್ತಿದ್ದಳು. ಅಸ್ಮಾ ಆ ಜಾಗದಲ್ಲಿ ಕೂತು, ದಾರಿಯುದ್ದಕ್ಕೂ ಆಕೆಯ ಮಾತಿಗೆ ಹೂಂ ಎನ್ನುತ್ತಾ ಬೇರೆ ಏನನ್ನೋ ಯೋಚಿಸುತ್ತಿದ್ದಳು.

"ಅಸ್ಮಾ, ಇಲ್ಲಿ ಕೆಂಪು ಅಕ್ಷರ ಬಂದಾವು ನೋಡವಾ. ಸಹಿ ಮುಗಿಯಾಕ ಬಂದೈತಿ, ಆಫೀಸಿಗೆ ತಿಳಿಸ್ರಿ ಅಂತ ಐತಿ. ಅದಕ್ಕ ತಿಳಿಸಾಕ ಮಾಡೀನಿ."

ಅಸ್ಮಾಳಿಗೆ ಸಿಟ್ಟು ಬಂತು. ಐದು ಜನರಲ್ಲಿ ತನ್ನ ಸ್ಕ್ರಿಪ್ಟಿನ ಮಾತಿಗೆ ಕಿವಿ ಕೊಟ್ಟವಳು ಒಬ್ಬಳೇ, ಅದೂ ಕಿವಿ ಕೊಡಬಾರದ ಹೊತ್ತಿನಲ್ಲಿ.

"ಗೊತ್ತಾತಕ್ಕಾ. ಅದನ್ನ ಮುಚ್ಚಿ ನಿನ್ನ ಕೆಲಸ ನೋಡ್ಕೊ. ಮತ್ತ ಯಾರಿಗೂ ಹೇಳಾಕ ಹೋಗಬ್ಯಾಡ."

"ಯಾರಿಗೆ ಹೇಳ್ಲಿ? ನಿನಗ ಮುಟ್ಟಿದ್ರ ಮುಗೀತಲ್ಲ," ಎಂದು ಹೊನ್ನೂರಮ್ಮ ನಿರಾಳವಾಗಿ ಫೋನ್ ಇಟ್ಟಳು.

ಸಹಿ ಹಳಸಿದ ದಿನ ಎಲ್ಲವೂ ಅಸ್ಮಾ ಲೆಕ್ಕ ಹಾಕಿದ ಹಾಗೆಯೇ ನಡೆಯಿತು, ಎರಡು ಸಂಗತಿ ಬಿಟ್ಟು. ಬೆಳಿಗ್ಗೆ ಸೆಂಟರುಗಳು ಬಾಗಿಲು ತೆರೆದು ಸ್ವಲ್ಪ ಹೊತ್ತಿಗೆ ಎಲ್ಲ ಕಡೆ ಪುಟ ಬರುವುದು ನಿಂತಿತು. ಆಫೀಸಿನ ಫೋನುಗಳು ಒಂದರ ಮೇಲೊಂದು ಹೊಡೆದುಕೊಂಡವು. ನಾಗೇಂದ್ರಪ್ಪ ಓಬಳೇಶನ ಕಡೆಗೆ ಓಡಿದ. ಓಬಳೇಶ ಬೆವರಿದ. ಅಸ್ಮಾ ತನ್ನ ಮೇಜಿನಲ್ಲಿ ಕೂತು, ಕರೆ ಬರಲಿ ಎಂದು ದುಪಟ್ಟಾ ಸರಿಮಾಡಿಕೊಂಡಳು.

ಲೆಕ್ಕ ತಪ್ಪಿದ ಮೊದಲ ಸಂಗತಿ, ಓಬಳೇಶ ಸರ್ವರ್ ರೂಮಿನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡದ್ದು. ಅಲ್ಲಿಂದ ಅವನು ಹೈದರಾಬಾದಿನ ಯಾವನೋ ಗೆಳೆಯನಿಗೆ ಫೋನ್ ಹಚ್ಚಿದ. ಆ ಪುಣ್ಯಾತ್ಮ, ಸಹಿ ಪರೀಕ್ಷೆ ಮಾಡುವುದನ್ನೇ ನಿಲ್ಲಿಸಿಬಿಡು, ಎಲ್ಲಾ ತಾನಾಗಿ ಸರಿಹೋಗುತ್ತದೆ ಎಂದ. ನಿಲ್ಲಿಸುವುದು ಎಂದರೆ ಒಂದು ಕಡೆ ಹೌದು ಎಂದಿರುವುದನ್ನು ಇಲ್ಲ ಎಂದು ಬರೆಯುವುದು, ಅಷ್ಟೇ. ಅದನ್ನೂ ಎಲ್ಲಿ ಬರೆಯಬೇಕೆಂದು ಹುಡುಕಲು ಅವನಿಗೆ ಮಧ್ಯಾಹ್ನ ದಾಟಿತು. ಕೂತಲ್ಲಿಂದಲೇ ಐದೂ ಸೆಂಟರಿನ ಯಂತ್ರಗಳಲ್ಲಿ ಅದನ್ನು ಬರೆದ ಮೇಲೆ ಎಲ್ಲ ಕಡೆ ಪುಟ ಬಂತು. ಈಗ ಬಾಗಿಲು ಕಾಯುವವನನ್ನೇ ಮನೆಗೆ ಕಳಿಸಿದ್ದಾಗಿತ್ತು. ಹಡಗಲಿಯ ಮಾತ್ರೆ ಮಾರುವವಳು ನಾಳೆಯೇ ಬಂದರೂ ತಡೆಯುವವರಿರಲಿಲ್ಲ. ಆದರೆ ಪುಟ ಬಂತು. ನಾಗೇಂದ್ರಪ್ಪ ಅಳಿಯನನ್ನು ತಬ್ಬಿಕೊಂಡ. ಅಸ್ಮಾ ಬಾಯಿಪಾಠ ಮಾಡಿದ ಮಾತೆಲ್ಲ ಅವಳ ಬಾಯಲ್ಲೇ ಹಳಸಿತು.

ಎರಡನೆಯ ಸಂಗತಿ, ಆವತ್ತು ಯಾವುದೋ ಸರ್ಕಾರಿ ನೌಕರಿಗೆ ಆನ್‌ಲೈನ್ ಅರ್ಜಿ ಹಾಕಲು ಕೊನೆಯ ದಿನವಾಗಿತ್ತು. ಅದು ಅಸ್ಮಾಳ ಲೆಕ್ಕದಲ್ಲಿರಲಿಲ್ಲ. ಅವಳ ಲೆಕ್ಕದಲ್ಲಿ ಓಬಳೇಶನಿದ್ದ, ನಾಗೇಂದ್ರಪ್ಪನಿದ್ದ, ಅವಳಿದ್ದಳು. ಸೆಂಟರಿಗೆ ಬರುವ ಜನ ಇರಲೇ ಇಲ್ಲ. ಹರಪನಹಳ್ಳಿಯಲ್ಲಿ ಹಲವಾಗಲು ಕಡೆಯಿಂದ, ಸುತ್ತಲಿನ ಊರುಗಳಿಂದ ಬಂದ ಹುಡುಗರು ಬೆಳಿಗ್ಗೆಯಿಂದ ಸಾಲು ನಿಂತಿದ್ದರು. ಬಿಸಿಲು ಏರಿದ ಹಾಗೆ ಸಾಲು ಮುರಿಯಿತು, ತಳ್ಳಾಟ ಆಯಿತು, ಸೆಂಟರಿನ ಗಾಜಿನ ಬಾಗಿಲು ಒಡೆಯಿತು. ಒಳಗೆ ನಿಂತು ಬಾಗಿಲಿಗೆ ಕೈ ಕೊಟ್ಟಿದ್ದ ಹೊನ್ನೂರಮ್ಮನ ಅಂಗೈಗೆ ಗಾಜು ಇಳಿದು ಹೊಲಿಗೆ ಬಿತ್ತು. ಈ ಸುದ್ದಿ ಅಸ್ಮಾಳಿಗೆ ತಿಳಿದದ್ದು ಸಂಜೆ, ಅಪ್ಪನ ಬಾಯಿಂದ. ಅಬ್ದುಲ್ ವಹಾಬನೇ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದ. ದಾರಿಯುದ್ದಕ್ಕೂ ಹೊನ್ನೂರಮ್ಮ, ಅಸ್ಮಾ ಆಫೀಸಿನಲ್ಲಿ ಎಷ್ಟು ಒದ್ದಾಡುತ್ತಿರಬೇಕೋ ಪಾಪ ಎನ್ನುತ್ತಿದ್ದಳಂತೆ. ಅಸ್ಮಾಳಿಗೆ ಆವತ್ತು ಊಟ ಸೇರಲಿಲ್ಲ. ಆದರೂ ಬೈದುಕೊಂಡದ್ದು ಓಬಳೇಶನನ್ನೇ.

ಮರುದಿನ ನಾಗೇಂದ್ರಪ್ಪ ಎಲ್ಲರನ್ನೂ ಕೊಟ್ಟೂರಿಗೆ ಕರೆಸಿದ. ಗಾಜು ಒಡೆದಿತ್ತು, ಊರಲ್ಲಿ ಹೆಸರು ಕೆಟ್ಟಿತ್ತು, ಯಾರನ್ನಾದರೂ ಬೈಯಲೇಬೇಕಿತ್ತು. ಹೊನ್ನೂರಮ್ಮ ಬ್ಯಾಂಡೇಜು ಸುತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಯ ಪಕ್ಕ ನಿಂತಿದ್ದಳು. ಓಬಳೇಶ ಕೊರಳ ಕಾರ್ಡನ್ನು ಬೆರಳಲ್ಲಿ ತಿರುಗಿಸುತ್ತಾ ವಿವರಿಸಿದ. ಅಸ್ಮಾಳ ಸ್ಕ್ರಿಪ್ಟುಗಳು ಸರಿಯಿರಲಿಲ್ಲ, ಸಹಿ ಇಷ್ಟು ಬೇಗ ಮುಗಿಯುತ್ತದೆಂದು ಅವಳು ನೋಡಿಕೊಂಡಿಲ್ಲ, ತಾನು ಇರದಿದ್ದರೆ ಐದೂ ಸೆಂಟರಿಗೆ ಬೀಗ ಬೀಳುತ್ತಿತ್ತು ಎಂದ. ಎಲ್ಲ ಸ್ಕ್ರಿಪ್ಟುಗಳನ್ನು ತಾನೇ ಮಲಗಿಸಿದ್ದನ್ನು ಅವನು ಹೇಳಲಿಲ್ಲ. ಮುಚ್ಚಿಟ್ಟನೆಂದಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದೇ ಅವನ ತಲೆಗೆ ಇನ್ನೂ ಹೋಗಿರಲಿಲ್ಲ.

"ಆಕಿ ಬರೆದದ್ದು ಆಕಿಗೇ ತಿಳಿದಿಲ್ಲ ಮಾವ. ಸಣ್ಣ ಹುಡುಗಿ, ಹೋಗ್ಲಿ ಬಿಡ್ರಿ. ನನ್ನ ಕೈಕೆಳಗ ಇರ್ಲಿ, ಕಲಿತಾಳ."

ನಾಗೇಂದ್ರಪ್ಪ ದೊಡ್ಡ ಮನಸ್ಸು ಮಾಡುವವನ ಹಾಗೆ ತಲೆ ಆಡಿಸಿದ. ತಿಳಿಯದೆ ಆದದ್ದಕ್ಕೆ ಕ್ಷಮೆ ಇದೆ ಎಂದ. ಹೊಸ ಕೀಲಿ ಬೇಡ, ಹಳೆ ಕೀಲಿಯೂ ಬೇಡ, ಒಂದು ಮಾತು ಬದಲಾಯಿಸಿದರೆ ಆಗುವ ಕೆಲಸಕ್ಕೆ ಇಷ್ಟು ದಿನ ಇಷ್ಟೆಲ್ಲ ಯಾಕೆ ಬೇಕಿತ್ತು ಎಂದ. ಅಸ್ಮಾಳ ಕಿವಿ ಬಿಸಿಯಾದವು. ಈ ಕತ್ತೆಯ ಕೈಕೆಳಗೆ ಕಲಿಯುವುದು. ಆದರೂ ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಇವತ್ತಲ್ಲ ನಾಳೆ ಇವನು ಮತ್ತೆ ಬಿದ್ದೇ ಬೀಳುತ್ತಾನೆ, ಆಗ ನೋಡಿಕೊಂಡರಾಯಿತು ಎಂದು ಹಲ್ಲು ಕಚ್ಚಿದಳು.

ಆಗ ಹೊನ್ನೂರಮ್ಮ ಗೋಡೆ ಬಿಟ್ಟು ಮುಂದೆ ಬಂದಳು.

"ಆಕಿ ತಪ್ಪಲ್ರಿ ಸಾಹುಕಾರ್ರ. ಸಹಿ ಮುಗಿತೈತಿ ಅಂತ ನನ್ನ ಕಂಪ್ಯೂಟರಿನ ಮ್ಯಾಲ ಮೊದ್ಲ ಬಂದಿತ್ತು. ನಾ ಅಸ್ಮಾಗ ಫೋನ್ ಮಾಡಿ ಹೇಳೀನಿ. ನಾನ ಎಲ್ಲೋ ತಪ್ಪಿ ಹೇಳಿರಬೇಕು. ಇಂಗ್ಲೀಷ್ ಅಕ್ಷರದಾಗ ಕನ್ನಡ ಬರೆದಿತ್ತು, ಕೂಡಿಸಿ ಕೂಡಿಸಿ ಓದೀನಿ. ಆಕಿಗೆ ಸರಿಯಾಗಿ ಮುಟ್ಟಿದ್ರ ಆಕಿ ಬಿಡಾಕಿ ಅಲ್ಲ."

ಕೋಣೆಯಲ್ಲಿ ಎಲ್ಲರಿಗೂ ಉಸಿರು ಬಂತು. ಬೈಯಲು ಕೊನೆಗೂ ಒಬ್ಬರು ಸಿಕ್ಕಿದ್ದರು, ಅದೂ ತಾವಾಗಿಯೇ ಎದ್ದು ಬಂದವರು. ಓಬಳೇಶ ಇದೇ, ಇದೇ ಎಂದ. ನಾಗೇಂದ್ರಪ್ಪ ದನಿ ಏರಿಸಿದ. ಒಂದು ಸುದ್ದಿ ನೆಟ್ಟಗೆ ಮುಟ್ಟಿಸಲು ಬಾರದವಳನ್ನು ಇಟ್ಟುಕೊಂಡು ತಾನೇನು ಮಾಡಲಿ ಎಂದ. ಗಾಜು ಒಡೆದದ್ದೂ ಆಕೆಯ ಕೈಯಿಂದಲೇ ಎಂಬ ಹಾಗೆ ಮಾತಾಡಿದ. ನಾಳೆಯಿಂದ ಬರುವುದು ಬೇಡ ಎಂದ.

ಹೊನ್ನೂರಮ್ಮ ಹೂಂ ಎಂದು ತಲೆ ಆಡಿಸಿದಳು. ಆಕೆ ನೋಡುತ್ತಿದ್ದದ್ದು ನಾಗೇಂದ್ರಪ್ಪನನ್ನಲ್ಲ, ಅಸ್ಮಾಳನ್ನು. ನಿನ್ನ ಮೇಲೇನೂ ಬರಲಿಲ್ಲ ತಾನೇ ಎಂಬ ಹಾಗೆ.

ಬೂತಿಗೆ ಬಂದ ಒಂದೇ ಒಂದು ಸುದ್ದಿಯನ್ನೂ ಆಕೆ ತಪ್ಪಿ ಹೇಳಿದ್ದು ಅಸ್ಮಾಳಿಗೆ ನೆನಪಿರಲಿಲ್ಲ. ಇಡೀ ಬದುಕಿನಲ್ಲಿ ಆ ಹೆಂಗಸಿಗೆ ಹೆಮ್ಮೆ ಪಡಲು ಇದ್ದದ್ದು ಅದೊಂದೇ. ಅದನ್ನೇ ಈಗ ತಾನಾಗಿ ಬಿಚ್ಚಿ ಅಸ್ಮಾಳ ಕಾಲ ಬಳಿ ಇಟ್ಟಿದ್ದಳು. ಅಸ್ಮಾಳಿಗೆ ನಾಚಿಕೆಯಾಯಿತು. ನಿಂತಲ್ಲಿ ನಿಲ್ಲಲಾಗದಂಥ ನಾಚಿಕೆ.

"ಆಕಿ ಸರಿಯಾಗೇ ಹೇಳ್ಯಾಳ್ರಿ ಸಾರ್," ಎಂದಳು ಅಸ್ಮಾ. "ಅಕ್ಷರ ತಪ್ಪದಂಗ ಹೇಳ್ಯಾಳ. ಅದಕ್ಕಿಂತ ಮೊದ್ಲ ನನಗ ಗೊತ್ತಿತ್ತು. ಓಬಳೇಶ ಸಹಿ ನಿಲ್ಲಿಸಿದ್ದನ್ನ ಮರುದಿನಾನ ನೋಡೀನಿ. ಬೀಳ್ಲಿ ಅಂತ ಬೇಕಂತನ ಸುಮ್ನಿದ್ದೆ."

ಈ ಮಾತಿಗೆ ಅವಳನ್ನು ತೀರ ಮೇಲಕ್ಕೆ ಏರಿಸುವುದೂ ಬೇಡ. ಅರ್ಧ ಹೊನ್ನೂರಮ್ಮನಿಗಾಗಿ ಆಡಿದ್ದಳು, ನಿಜ. ಇನ್ನರ್ಧ, ಅಸ್ಮಾಳಿಗೆ ಏನೂ ಗೊತ್ತಿರಲಿಲ್ಲ ಎಂದು ಆ ಓಬಳೇಶ ಸಾಯುವವರೆಗೆ ಹೇಳಿಕೊಂಡು ತಿರುಗುವುದನ್ನು ಸಹಿಸಲಾರದೆ ಆಡಿದ್ದಳು. ಯಾವ ಅರ್ಧ ದೊಡ್ಡದು ಎಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಆಮೇಲೆ ನಾಗೇಂದ್ರಪ್ಪ ಎಷ್ಟು ಹೊತ್ತು ಬೈದ, ಏನೇನು ಬೈದ ಎಂಬುದು ಇಲ್ಲಿ ಬೇಕಿಲ್ಲ. ಅನ್ನ, ಉಪ್ಪು, ದ್ರೋಹ ಎಲ್ಲವೂ ಬಂದುಹೋದವು. ಓಬಳೇಶ ಸಹಿ ನಿಲ್ಲಿಸಿದ ಸಂಗತಿ ಅವಳ ಬಾಯಿಂದ ಹೊರಬಿದ್ದಿತ್ತಾದರೂ ಯಾರ ಕಿವಿಗೂ ಬೀಳಲಿಲ್ಲ. ಅಸ್ಮಾಳ ಕೆಲಸ ಹೋಯಿತು. ಹೊನ್ನೂರಮ್ಮನನ್ನು ತೆಗೆದುಹಾಕಿದ್ದು ಆ ಗದ್ದಲದಲ್ಲಿ ನಾಗೇಂದ್ರಪ್ಪನಿಗೇ ಮರೆತುಹೋಯಿತು. ಅಸ್ಮಾ ಮೇಜಿನ ಖಾನೆಯಿಂದ ತನ್ನ ಟಿಫಿನ್ ಡಬ್ಬಿ ತೆಗೆದುಕೊಂಡು ಹೊರಗೆ ಬಂದಳು. ಸರ್ವರ್ ರೂಮಿನ ಬಾಗಿಲು ತೆರೆದೇ ಇತ್ತು, ಒಳಗಿನ ತಂಪು ಗಾಳಿ ಕಾಲಿಗೆ ತಾಗಿತು. ಅವಳು ಆ ಕಡೆ ತಿರುಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹರಪನಹಳ್ಳಿ ಬಸ್ಸು ಹೊರಡಲು ನಿಂತಿತ್ತು. ಹೊನ್ನೂರಮ್ಮ ಆಗಲೇ ಹತ್ತಿ ಕೂತಿದ್ದಳು. ಅಭ್ಯಾಸಬಲದಿಂದ ಇರಬೇಕು, ಪಕ್ಕದ ಸೀಟಿನ ಮೇಲೆ ಟವೆಲ್ ಹಾಕಿದ್ದಳು. ಅಸ್ಮಾ ಜನರ ನಡುವೆ ದಾರಿ ಮಾಡಿಕೊಂಡು ಆಕೆಯ ಹತ್ತಿರ ಬಂದು ನಿಂತಳು. ಆಕೆ ಟವೆಲ್ ತೆಗೆಯಲಿ ಎಂದು ಕಾದಳು.

ಹೊನ್ನೂರಮ್ಮ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸಿಟ್ಟಿನಿಂದಲ್ಲ, ಚಿಕ್ಕಂದಿನಿಂದ ಕಂಡ ಮುಖ ಇದೇ ಹೌದೋ ಅಲ್ಲವೋ ಎಂದು ಗುರುತು ಹಿಡಿಯುವವಳ ಹಾಗೆ.

"ಬೂತ್ ಇದ್ದಾಗ ಸತ್ತ ಸುದ್ದಿನೂ ಮುಟ್ಟಿಸೀನಿ ನಾನು," ಎಂದಳು. "ಮಂದಿ ಅತ್ತಾರ, ನನ್ನ ಬೈದಾರ, ಬಾಗಿಲ ಹಾಕ್ಯಾರ. ಮುಟ್ಟಿದ ಸುದ್ದಿ ನುಂಗಿ ಕುಂತಾಕಿನ್ನ ಮಾತ್ರ ನೋಡಿದ್ದಿಲ್ಲ."

ಗಾಯವಾಗದ ಕೈಯಿಂದ ಟವೆಲ್ ಎತ್ತಿ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಅಸ್ಮಾಳ ಹಿಂದೆ ಗಂಟು ಹಿಡಿದುಕೊಂಡು ನಿಂತಿದ್ದ ಒಬ್ಬ ಮುದುಕಿಯನ್ನು ಕರೆದು, "ಬರ್ರಿ ಯಮ್ಮಾ, ಇಲ್ಲಿ ಜಾಗ ಐತಿ," ಎಂದಳು. ಅಸ್ಮಾ ಸರಿದು ದಾರಿ ಬಿಟ್ಟಳು. ಬಸ್ಸು ಹೊರಟಿತು. ಹರಪನಹಳ್ಳಿ ಬರುವವರೆಗೆ ಅವಳು ಕಂಬಿ ಹಿಡಿದು ನಿಂತೇ ಬಂದಳು.